ಹಳೆಯ ಕತ್ತಿಗೆ ಜಾಲಿಯ ಹಿಡಿಕೆ

ಆ ಕ್ಷೌರದ ಕತ್ತಿಗೆ ತುಕ್ಕು ಹಿಡಿಸಿದ್ದು ನೀರಲ್ಲ, ಅದರದೇ ಹಿಡಿಕೆ. ಸೋದರಮಾವ ತೀರಿಕೊಂಡ ಮೇಲೆ ಅವರ ಕಬ್ಬಿಣದ ಟ್ರಂಕು ನವನಗರದ ಮನೆಗೆ ಬಂತು. ಧೋತರ, ಹೊಲದ ಉತಾರ, ಹಳೇ ಪಂಚಾಂಗಗಳ ಅಡಿಯಲ್ಲಿ ಬಿಳಿ ಬಟ್ಟೆಯ ತುಂಡಿನಲ್ಲಿ ಸುತ್ತಿಟ್ಟ ಕತ್ತಿ ಸಿಕ್ಕಿತು. ಬಿಚ್ಚಿದ ಕೂಡಲೇ ಕರ್ಪೂರದ ವಾಸನೆ. ಕತ್ತಿಯ ಬುಡದ ಮೇಲೆ ಜೋಡಿ ಗೊಂಬೆಗಳ ಗುರುತು ಸ್ಪಷ್ಟವಾಗಿತ್ತು. ಜರ್ಮನಿಯ ಜೋಲಿಂಗನ್ ಪಟ್ಟಣದ ಹೆಂಕೆಲ್ಸ್ ಮನೆತನ 1731ರಲ್ಲಿ ನೋಂದಾಯಿಸಿದ ಮುದ್ರೆ ಅದು. ಆಮೆಚಿಪ್ಪನ್ನು ಅನುಕರಿಸಿದ ಜೇನುಬಣ್ಣದ ಹಿಡಿಕೆ. ಹೊರಗುಳಿದಿದ್ದ ಬುಡವೂ ಬಾಲವೂ ಇನ್ನೂ ಹೊಳೆಯುತ್ತಿದ್ದವು. ಮಡಚಿದಾಗ ಹಿಡಿಕೆಯೊಳಗೆ ಅಡಗುವ ಅಲಗಿನ ಕೆನ್ನೆಗಳ ಮೇಲೆ ಮಾತ್ರ ಕೆಂಪು ಚುಕ್ಕೆಗಳು ಎದ್ದಿದ್ದವು.

ಆ ಜೇನುಬಣ್ಣದ ವಸ್ತು ಸೆಲ್ಯುಲಾಯ್ಡ್. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಹದಮಾಡಿ, ಅದಕ್ಕೆ ಕರ್ಪೂರ ಬೆರೆಸಿ ಮಾಡುವ ಈ ಪ್ಲಾಸ್ಟಿಕ್ಕಿಗೆ ಅಮೆರಿಕದ ಜಾನ್ ವೆಸ್ಲಿ ಹಯಾಟ್ 1870ರಲ್ಲಿ ಪೇಟೆಂಟ್ ಪಡೆದ. ಬಾಚಣಿಕೆ, ಗುಂಡಿ, ಗೊಂಬೆ, ಕೊನೆಗೆ ಸಿನಿಮಾ ರೀಲು, ಎಲ್ಲದಕ್ಕೂ ಅದು ಬಳಕೆಯಾಯಿತು. ಆನೆದಂತ, ಆಮೆಚಿಪ್ಪು, ಕೋಡು ಇವೆಲ್ಲವನ್ನೂ ಕಣ್ಣಿಗೆ ನಂಬಿಸುವಂತೆ ಅನುಕರಿಸಬಲ್ಲ ಅಗ್ಗದ ವಸ್ತು ಸಿಕ್ಕಿದ್ದರಿಂದ ಕತ್ತಿ ತಯಾರಿಸುವ ಊರುಗಳು ಅದನ್ನು ಕೈಬಿಡದೆ ಹಿಡಿದುಕೊಂಡವು. ಆದರೆ ಸೆಲ್ಯುಲಾಯ್ಡಿಗೆ ವಯಸ್ಸಾಗುತ್ತದೆ. ಕರ್ಪೂರ ಹಾರಿಹೋಗುತ್ತದೆ, ಒಳಗಿನ ರಚನೆ ಒಡೆಯುತ್ತದೆ, ಸಾರಜನಕದ ಅನಿಲಗಳು ಹೊರಬರುತ್ತವೆ. ಗಾಳಿಯ ತೇವ ಸೇರಿದರೆ ಅವು ಮತ್ತೆ ಆಮ್ಲವಾಗುತ್ತವೆ, ಆ ಆಮ್ಲ ಪಕ್ಕದಲ್ಲೇ ಮಲಗಿರುವ ಉಕ್ಕನ್ನು ತಿನ್ನುತ್ತದೆ. ಒಮ್ಮೆ ಶುರುವಾದರೆ ತಡೆಯುವ ಉಪಾಯವಿಲ್ಲ. ಕತ್ತಿ ಉಳಿಯಬೇಕಾದರೆ ಹಿಡಿಕೆ ಹೋಗಬೇಕು.

ಈ ಲೇಖಕ ಆಗತಾನೆ ಕಾಲೇಜಿನ ಕೆಲಸದಿಂದ ನಿವೃತ್ತನಾಗಿದ್ದ. ಅವನ ಮನೆಯ ಹಿತ್ತಲಲ್ಲಿ ತಗಡು ಹೊದಿಸಿದ ಸಣ್ಣ ಕೋಣೆಯೊಂದಿತ್ತು. ಅಲ್ಲಿ ಕೂತು ಆ ಕತ್ತಿಗೆ ಕಟ್ಟಿಗೆಯ ಹಿಡಿಕೆ ಮಾಡಿಕೊಂಡದ್ದು ಮೊದಲು. ಆಮೇಲೆ ನೆಂಟರ, ಗೆಳೆಯರ ಮನೆಗಳ ಟ್ರಂಕುಗಳಿಂದಲೂ ಕತ್ತಿಗಳು ಹೊರಬಂದವು. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರುವ ನವನಗರವನ್ನು ಜನ ಕಾನೂನು ವಿಶ್ವವಿದ್ಯಾಲಯಕ್ಕೆ, ಕ್ಯಾನ್ಸರ್ ಆಸ್ಪತ್ರೆಗೆ, ಪೊಲೀಸ್ ಕಮಿಷನರ್ ಕಚೇರಿಗೆ ಹುಡುಕಿಕೊಂಡು ಬರುತ್ತಾರೆ. ಕ್ಷೌರದ ಕತ್ತಿಯ ಹಿಡಿಕೆಗೆಂದು ಇಲ್ಲಿ ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸಿನಿಂದ ಯಾರಾದರೂ ಇಳಿಯಬಹುದೆಂದು ಅವನೂ ಎಣಿಸಿರಲಿಲ್ಲ.

ಅವನಿಗೆ ಈ ಕತ್ತಿಯ ಪರಿಚಯ ಹೊಸದಲ್ಲ. ಬಾಲ್ಯ ಕಳೆದದ್ದು ನವಲಗುಂದದ ಕಡೆಯ ಎರೆಹೊಲದ ಊರಲ್ಲಿ. ಅಲ್ಲಿ ಹಡಪದ ಮನೆಯ ಹಿರಿಯರು ಬೆಳಗಿನ ಹೊತ್ತು ಕಟ್ಟೆಗೆ ಬರುತ್ತಿದ್ದರು. ಅವರ ಹಡಪದಲ್ಲಿ ಕತ್ತಿ, ಕತ್ತರಿ, ಸಾಣೆಕಲ್ಲು, ಚರ್ಮದ ಪಟ್ಟಿ, ಹಿತ್ತಾಳೆ ಬಟ್ಟಲು, ಪಟಿಕದ ಗಡ್ಡೆ ಎಲ್ಲಕ್ಕೂ ತನ್ನತನ್ನ ಜಾಗವಿತ್ತು. ಹಣದ ಲೆಕ್ಕ ದಿನದಿನಕ್ಕೆ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ಒಯ್ಯುತ್ತಿದ್ದರು. ಜೋಳ ಎಷ್ಟು ಬೆಳೆದಿದೆ ಎಂಬುದು ಗೌಡರಿಗೆ ಎಷ್ಟು ಗೊತ್ತೋ ಅವರಿಗೂ ಅಷ್ಟೇ ಗೊತ್ತು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಒಡನಾಡಿಯಾಗಿ ಕಲ್ಯಾಣದಲ್ಲಿದ್ದ ಹಡಪದ ಅಪ್ಪಣ್ಣನವರ ಹೆಸರನ್ನು ಅವರು ಕೆಲಸ ಶುರುಮಾಡುವ ಮೊದಲು ಹೇಳಿಕೊಳ್ಳುತ್ತಿದ್ದರು.

ಹುಡುಗನ ಕಣ್ಣು ನೆಟ್ಟಿದ್ದು ಕತ್ತಿ ಮಸೆಯುವುದರ ಮೇಲೆ. ಕಲ್ಲಿನ ಮೇಲೆ ಒಂದೆರಡು ಹನಿ ನೀರು, ಕತ್ತಿಯ ಬೆನ್ನೂ ಬಾಯಿಯೂ ಕಲ್ಲಿಗೆ ತಾಗಿದಂತೆ ಇಟ್ಟು ಮುಂದೆ ಒಂದು ಎಳೆತ, ಹಿಂದೆ ಒಂದು ಎಳೆತ. ಆಮೇಲೆ ಚರ್ಮದ ಪಟ್ಟಿ, ಕೊನೆಗೆ ಅಂಗೈ. ಬಹಳ ವರ್ಷಗಳ ನಂತರ ಅವನಿಗೆ ತಿಳಿದದ್ದೇನೆಂದರೆ, ಕತ್ತಿಯ ಬೆನ್ನಿನ ದಪ್ಪವೂ ಅಲಗಿನ ಅಗಲವೂ ಸೇರಿ ಮಸೆಯುವ ಕೋನವನ್ನು ತಾವೇ ನಿಗದಿ ಮಾಡುತ್ತವೆ, ಹೆಚ್ಚುಕಡಿಮೆ 16 ಡಿಗ್ರಿ. ಬೆನ್ನನ್ನು ಕಲ್ಲಿನಿಂದ ಎತ್ತದೆ ಇದ್ದರೆ ಸಾಕು, ಕೋನ ತಪ್ಪುವುದಿಲ್ಲ. ಕತ್ತಿಯನ್ನು ಮೊದಲು ಹೀಗೆ ರೂಪಿಸಿದವರ ಬುದ್ಧಿ ದೊಡ್ಡದು. ಯಾವ ಅಳತೆಪಟ್ಟಿಯೂ ಇಲ್ಲದೆ ಕಟ್ಟೆಯ ಮೇಲೆ ಕೂತು ಅದನ್ನು ಕೈಯಲ್ಲಿ ಉಳಿಸಿಕೊಂಡವರ ಬುದ್ಧಿಯೂ ಅಷ್ಟೇ ದೊಡ್ಡದು.

ಆ ಕತ್ತಿಗಳು ಅಂಗಡಿಗಳಿಂದ ಮರೆಯಾದದ್ದಕ್ಕೆ ಕಾರಣವಿದೆ, ಅದು ಒಪ್ಪತಕ್ಕ ಕಾರಣ. 1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಭಾರತದಲ್ಲಿ ಮೊದಲ ಬಾರಿಗೆ ಎಚ್‌ಐವಿ ಸೋಂಕನ್ನು ಪತ್ತೆಹಚ್ಚಿದರು. ಮುಂದಿನ ವರ್ಷಗಳಲ್ಲಿ ಊರೂರಿನ ಕ್ಷೌರದ ಅಂಗಡಿಗಳಲ್ಲಿ ಒಬ್ಬರಿಗೆ ಬಳಸಿದ ಬ್ಲೇಡು ಇನ್ನೊಬ್ಬರಿಗೆ ಬೇಡ ಎಂಬ ತಿಳಿವಳಿಕೆ ಹರಡಿತು. ಹೆಪಟೈಟಿಸ್ ಬಿ ಕೂಡ ರಕ್ತದಿಂದ ಹರಡುವ ರೋಗ. ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ ಬಂತು, ಬ್ಲೇಡು ಮುರಿದು ಹಾಕುವ ಟಕ್ ಎಂಬ ಸಪ್ಪಳ ಗಿರಾಕಿಗೆ ಧೈರ್ಯ ಕೊಡುವ ಸಪ್ಪಳವಾಯಿತು. ಹತ್ತಾರು ಮುಖಗಳ ಮೇಲೆ ಆಡುವ ಕತ್ತಿಗೆ ಇದೇ ಸರಿಯಾದ ದಾರಿ. ಹಳೆಯದೆಲ್ಲ ಒಳ್ಳೆಯದಿತ್ತು ಎಂದು ಇಲ್ಲಿ ಯಾರೂ ವಾದಿಸಬೇಕಾಗಿಲ್ಲ. ಆದರೆ ಒಬ್ಬನೇ ಮನುಷ್ಯ, ತನ್ನ ಮನೆಯಲ್ಲಿ, ತನ್ನದೇ ಮುಖಕ್ಕೆ ಬಳಸುವ ಕತ್ತಿಗೆ ಆ ಭಯವಿಲ್ಲ. ನೂರು ವರ್ಷದ ಹಿಂದಿನ ಉಕ್ಕು ಇಂದಿಗೂ ಗಡ್ಡ ತೆಗೆಯುತ್ತದೆ. ಸಾಮಾನ್ಯವಾಗಿ ಮೊದಲು ಸಾಯುವುದು ಹಿಡಿಕೆ.

ಚಾಕುವನ್ನು ನಾವು ಹಿಡಿಕೆಯಿಂದ ಹಿಡಿಯುತ್ತೇವೆ. ಕ್ಷೌರದ ಕತ್ತಿಯಲ್ಲಿ ಹಾಗಲ್ಲ. ಹೆಬ್ಬೆರಳೂ ನಡುವಿನ ಬೆರಳುಗಳೂ ಉಕ್ಕಿನ ಬುಡವನ್ನೇ ಹಿಡಿಯುತ್ತವೆ, ಕಿರುಬೆರಳು ಬಾಲದ ಮೇಲೆ ಕೂರುತ್ತದೆ, ಹಿಡಿಕೆ ಮೇಲೆದ್ದು ಬೆರಳುಗಳ ಹಿಂದೆ ನಿಲ್ಲುತ್ತದೆ. ಹಾಗಾದರೆ ಅದು ಯಾಕೆ ಬೇಕು? ಮುಚ್ಚಿದಾಗ ಬಾಯಿಯನ್ನು ಕಾಯುವುದು ಅದು, ಬೆರಳನ್ನು ಬಾಯಿಯಿಂದ ಕಾಯುವುದೂ ಅದೇ. ತೆರೆದಾಗ ಅಲಗಿನ ತೂಕಕ್ಕೆ ಎದುರು ತೂಕವಾಗಿ ನಿಲ್ಲುತ್ತದೆ. ಕೈ ಎಲ್ಲಿ ಬಿಟ್ಟಿತೋ ಆ ಕೋನದಲ್ಲೇ ಕತ್ತಿ ನಿಲ್ಲಬೇಕು, ತಾನಾಗಿ ಜಾರಬಾರದು. ಚೆಂದಕ್ಕಾಗಿ ಮಾಡಿದ ಹಿಡಿಕೆ ಈ ಕೆಲಸಗಳಲ್ಲಿ ಒಂದನ್ನು ಬಿಟ್ಟರೂ ಅದನ್ನು ಗಾಜಿನ ಕಪಾಟಿನಲ್ಲಿ ಇಡಬಹುದು, ಕನ್ನಡಿಯ ಮುಂದೆ ತರಬಾರದು.

ಹಿಡಿಕೆಯೆಂದರೆ ಎರಡು ತೆಳು ಪಟ್ಟಿ, ಎರಡು ಮೊಳೆ, ಒಂದು ಬೆಣೆ. ಅಷ್ಟೇ. ಎದುರು ತುದಿಯ ಮೊಳೆಯ ಮೇಲೆ ಕತ್ತಿ ತಿರುಗುತ್ತದೆ, ಹಿಂದಿನ ತುದಿಯ ಮೊಳೆ ಬೆಣೆಯನ್ನು ಹಿಡಿದಿರುತ್ತದೆ. ಇಡೀ ಕೆಲಸದ ಗುಟ್ಟು ಇರುವುದು ಈ ಬೆಣೆಯಲ್ಲಿ. ಅದು ಒಳಬದಿಗೆ ದಪ್ಪ, ಹೊರಬದಿಗೆ ತೆಳು. ಈ ಇಳಿಜಾರಿನಿಂದ ಪಟ್ಟಿಗಳೆರಡೂ ನಡುವೆ ತುಸು ಹೊರಗೆ ಬಾಗುತ್ತವೆ, ಬಾಗಿದ ಕಟ್ಟಿಗೆ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಬೆಣೆ ದಪ್ಪವಾದರೆ ಪಟ್ಟಿಗಳಲ್ಲಿ ಬಿಗಿ ಉಳಿಯುವುದಿಲ್ಲ, ಕತ್ತಿ ಮುಚ್ಚಿದಾಗ ತಡೆಯಿಲ್ಲದೆ ಆಚೆಗೆ ದಾಟಿಬಿಡುತ್ತದೆ. ತೆಳುವಾದರೆ ಪಟ್ಟಿಗಳು ಒಂದರ ಮೇಲೊಂದು ಒತ್ತಿ, ಬಾಯಿ ಒಳಗೋಡೆಗೆ ಉಜ್ಜುತ್ತದೆ; ಮಸೆದ ಶ್ರಮವೆಲ್ಲ ಒಂದೇ ಮುಚ್ಚುವಿಕೆಯಲ್ಲಿ ಹೋಗುತ್ತದೆ. ಸರಿಯಾದ ಬೆಣೆಯಲ್ಲಿ ಕತ್ತಿಯ ಬೆನ್ನು ಪಟ್ಟಿಗಳ ನಡುವೆ ಮೆತ್ತಗೆ ತಡೆದು ನಿಲ್ಲುತ್ತದೆ, ಬಾಯಿ ನಟ್ಟನಡುವೆ ಯಾವುದನ್ನೂ ಮುಟ್ಟದೆ ಇರುತ್ತದೆ. ನಾಲ್ಕಾರು ಸಲ ಅರ ಹಾಕಿ, ಜೋಡಿಸಿ, ಬೆಳಕಿಗೆ ಹಿಡಿದು ನೋಡಿ, ಬಿಚ್ಚಿ, ಮತ್ತೆ ಅರ ಹಾಕುವುದು. ನೇಗಿಲಿನ ಬೆಣೆ ಹೊಡೆಯುವಾಗ ಅಪ್ಪ ಯಾಕೆ ಅಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದ ಎಂಬುದು ಈ ಕೆಲಸಕ್ಕೆ ಕೂತ ಮೇಲೆ ಅವನಿಗೆ ಅರ್ಥವಾಯಿತು.

ಹಳೆಯ ಕಾಲದ ಇಂಗ್ಲಿಷ್ ಕತ್ತಿಗಳಲ್ಲಿ ಬೆಣೆ ಸೀಸದ್ದಿರುತ್ತಿತ್ತು. ಕೋಡಿನ ಪಟ್ಟಿ ಹಗುರ, ಅಲಗು ಭಾರ; ಹಿಂದೆ ಸೀಸ ಇಟ್ಟರೆ ತೂಕ ಸರಿಹೋಗುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನ ಕಾರಖಾನೆಗಳಿಗೆ ಹಿಡಿಕೆಯ ಸಾಮಗ್ರಿ ಲೋಕದ ಮೂಲೆಮೂಲೆಯಿಂದ ಬರುತ್ತಿತ್ತು. 1682ರಷ್ಟು ಹಿಂದಿನದೆಂದು ಹೇಳಿಕೊಳ್ಳುವ ಜೋಸೆಫ್ ರಾಜರ್ಸ್ ಕಂಪನಿಯ ಆನೆದಂತದ ಉಗ್ರಾಣ ಹೆಸರುವಾಸಿಯಾಗಿತ್ತು. ನಮ್ಮ ಕಾಡುಗಳ ಕಡವೆಯ ಕೋಡೂ ಶೆಫೀಲ್ಡಿನ ಚಾಕುಗಳಿಗೆ ಹಿಡಿಕೆಯಾಗಿ ಹೋಗಿದೆ. ಇವತ್ತು ಅದೆಲ್ಲ ನಿಂತಿರುವುದು ಒಳ್ಳೆಯದೇ ಆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1989ರಲ್ಲಿ ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಿತ್ತು. ಒಂದು ಗಡ್ಡಕ್ಕಾಗಿ ಆನೆ ಸಾಯಬೇಕಾಗಿಲ್ಲ.

ವಿಚಿತ್ರವೆಂದರೆ ಹಿಡಿಕೆಯ ಸಾಮಗ್ರಿಗಳ ಪಟ್ಟಿಯಲ್ಲಿ ಕಟ್ಟಿಗೆ ಬಹಳ ಕೆಳಗೆ ಇತ್ತು. ನೀರು, ಸಾಬೂನು, ಮತ್ತೆ ನೀರು. ದಿನವೂ ತೊಯ್ದು ಒಣಗುವ 3 ಮಿಲಿಮೀಟರ್ ದಪ್ಪದ ಮರದ ಪಟ್ಟಿ ಸೊಟ್ಟಗಾಗುತ್ತದೆ, ಮೊಳೆಯ ತೂತಿನಿಂದ ಸೀಳುತ್ತದೆ. ಆದ್ದರಿಂದ ಯಾವ ಮರ ಎಂಬ ಪ್ರಶ್ನೆಯೇ ಮೊದಲ ಪ್ರಶ್ನೆ. ಇಲ್ಲಿ ಧಾರವಾಡ ಸೀಮೆಯವರ ಅದೃಷ್ಟ ದೊಡ್ಡದು. ಒಂದು ಕಡೆ ಮಲೆನಾಡಿನ ಅಂಚು, ಇನ್ನೊಂದು ಕಡೆ ಎರೆಯ ಬಯಲು. ಎರಡರ ಮರಗಳೂ ಕೈಗೆ ಸಿಗುತ್ತವೆ.

ದಾಂಡೇಲಿಯ ಸಾಗವಾನಿಯ ಹೆಸರು ಕೇಳದವರಿಲ್ಲ. ಅಳ್ನಾವರದಿಂದ ದಾಂಡೇಲಿಗೆ ಹೋದ ರೈಲುಹಳಿ ಹೊತ್ತದ್ದು ಮುಖ್ಯವಾಗಿ ಕಟ್ಟಿಗೆಯನ್ನೇ. ಹುಬ್ಬಳ್ಳಿಯಿಂದ ಅಂಕೋಲಾ ಕಡೆ ಹೋಗುವಾಗ ಯಲ್ಲಾಪುರಕ್ಕೆ ಮೊದಲೇ ಸಿಗುವ ಕಿರವತ್ತಿಯಲ್ಲಿ ಅರಣ್ಯ ಇಲಾಖೆಯ ಕಟ್ಟಿಗೆ ಡಿಪೋ ಇದೆ, ಅಲ್ಲಿ ಸಾಲುಸಾಲಾಗಿ ದಿಮ್ಮಿಗಳು ಬಿದ್ದಿರುತ್ತವೆ. ಸಾಗವಾನಿ ನೀರಿಗೆ ಜಗ್ಗುವುದಿಲ್ಲ, ಅದರೊಳಗೇ ಎಣ್ಣೆಯಿದೆ. ಆದರೆ ಕ್ಷೌರದ ಕತ್ತಿಗೆ ಅದು ತುಸು ಮೆದು, ಘನ ಮೀಟರಿಗೆ ಸುಮಾರು 650 ಕಿಲೋ. ತೆಳು ಪಟ್ಟಿಯಲ್ಲಿ ಅಂಚು ಬೇಗ ಸವೆಯುತ್ತದೆ. ಅದರಲ್ಲಿರುವ ಸಿಲಿಕಾ ಗರಗಸದ ಹಲ್ಲನ್ನೂ ಮೊಂಡು ಮಾಡುತ್ತದೆ. ಬೀಟೆಯ ಮಾತೇ ಬೇರೆ. ಘನ ಮೀಟರಿಗೆ 800 ಕಿಲೋ ದಾಟುವ ತೂಕ, ಕಪ್ಪು ಗೆರೆ ಎಳೆದ ನೇರಳೆ ಮೈ, ಗರಗಸ ಆಡಿಸಿದಾಗ ಏಳುವ ಸಿಹಿ ಪರಿಮಳ. ಹಿಡಿಕೆಗೆ ಇದಕ್ಕಿಂತ ಮಿಗಿಲಾದ ಮರ ಕಡಿಮೆ. ಅದರ ಧೂಳು ಮಾತ್ರ ಕೆಲವರ ಚರ್ಮಕ್ಕೂ ಉಸಿರಿಗೂ ಆಗಿಬರುವುದಿಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಅರ ಹಾಕಬಾರದು.

ಬೀಟೆಯನ್ನು ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಪರವಾನಗಿ ಬೇಕು. ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ 2017ರ ಜನವರಿಯಿಂದ ಬೀಟೆಯ ಇಡೀ ಕುಲವನ್ನೇ ನಿಗಾಪಟ್ಟಿಗೆ ಸೇರಿಸಿತು. ಪಿಟೀಲು, ಗಿಟಾರ್ ಮಾಡುವವರು ಲೋಕದಾದ್ಯಂತ ಆಗ ಗಡಿಬಿಡಿಗೊಂಡರು. ನವನಗರದ ಹಿತ್ತಲ ಕೋಣೆಯಲ್ಲಿ ಆ ಗಡಿಬಿಡಿ ಇರಲಿಲ್ಲ. ಒಂದು ಕತ್ತಿಗೆ ಬೇಕಾದ ಕಟ್ಟಿಗೆ ಗೇಣುದ್ದದ್ದು, ಎರಡು ಬೆರಳಗಲದ್ದು. ಮುರಿದ ಹಳೇ ಮಂಚದ ಒಂದು ಕಾಲು ಎಷ್ಟೋ ಹಿಡಿಕೆಗಳಿಗೆ ಸಾಕಾಗುತ್ತದೆ. ಹಳೇ ಹುಬ್ಬಳ್ಳಿಯ, ಧಾರವಾಡದ ವಾಡೆಗಳನ್ನು ಕೆಡವುವಾಗ ಬಾಗಿಲ ಚೌಕಟ್ಟು, ತೊಲೆ, ಕಪಾಟುಗಳು ಗುಜರಿಗೆ ಬರುತ್ತವೆ. ಅಲ್ಲಿ ಸಿಗುವ ಕಟ್ಟಿಗೆ ಎರಡು ಮೂರು ತಲೆಮಾರಿನ ಮಳೆ ಬೇಸಿಗೆ ಕಂಡು ಪಳಗಿರುತ್ತದೆ, ಇನ್ನು ಸೊಟ್ಟಗಾಗುವಷ್ಟು ಹಸಿತನ ಅದರಲ್ಲಿ ಉಳಿದಿರುವುದಿಲ್ಲ. ಹೊಸದಾಗಿ ಕಾಡಿನಿಂದ ಒಂದು ಕೊಂಬೆಯನ್ನೂ ಕೇಳದೆ ಈ ಕೆಲಸ ನಡೆಯಬೇಕು ಎಂಬುದು ಅವನು ಹಾಕಿಕೊಂಡ ಕಟ್ಟಳೆ.

ಅವನ ಮನಸ್ಸು ಗೆದ್ದದ್ದು ಕೊನೆಗೆ ಬೀಟೆಯೂ ಅಲ್ಲ. ಜಾಲಿ. ಬದುವಿನ ಮೇಲೆ ಮುಳ್ಳು ಚಾಚಿ ನಿಂತ, ಯಾರೂ ತಲೆ ಎತ್ತಿ ನೋಡದ ಕರಿಜಾಲಿ. ಚಕ್ಕಡಿಯ ಗಾಲಿ, ಕುಂಟೆ, ನೇಗಿಲು ಎಲ್ಲ ಅದರದೇ. ಒಕ್ಕಲುತನದ ಭಾರವನ್ನೆಲ್ಲ ಹೊತ್ತ ಮರ. ತಿರುಳು ಕೆಂಗಂದು, ವರ್ಷ ಕಳೆದಂತೆ ಇನ್ನೂ ಕಪ್ಪಾಗುತ್ತದೆ. ಗಟ್ಟಿ, ಆದರೂ ಬಾಗುವ ಗುಣವಿದೆ, ಪಟ್ಟಿಗೆ ಬೇಕಾದ ಸ್ಪ್ರಿಂಗು ಅದರಲ್ಲಿ ತಾನಾಗಿ ಬರುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಊರಿನ ಹಿತ್ತಲುಗಳಲ್ಲಿ ಮುರಿದ ಗಾಲಿಗಳು ಒಲೆಗೆ ಹೋಗಲು ಕಾದು ಬಿದ್ದಿವೆ. ಅಂಥ ಗಾಲಿಯ ಒಂದು ಅರೆಕಾಲನ್ನು ಉದ್ದಕ್ಕೆ ಸೀಳಿದಾಗ ಒಳಗೆ ಕಾಣುವ ಬಣ್ಣವನ್ನು ನೋಡಿದವರು ಮತ್ತೆ ಆ ಮರವನ್ನು ಉರುವಲು ಎನ್ನಲಾರರು. ಹುಣಸೆಯ ತಿರುಳೂ ಹಾಗೆಯೇ, ಗಾಣಕ್ಕೆ, ಒರಳಿಗೆ ಬಳಸುತ್ತಿದ್ದ ಗಟ್ಟಿ ಕಟ್ಟಿಗೆ. ಆದರೆ ಅದರ ಎಳೆಗಳು ಹೆಣೆದುಕೊಂಡಿರುತ್ತವೆ, ರಂದಾ ಹೊಡೆದರೆ ಕಿತ್ತುಬರುತ್ತದೆ, ಅರ ಮತ್ತು ಪಾಲಿಶ್ ಪೇಪರಿನ ತಾಳ್ಮೆಗೆ ಮಾತ್ರ ಒಲಿಯುತ್ತದೆ.

ಎಳೆ ಪಟ್ಟಿಯ ಉದ್ದಕ್ಕೆ ಓಡಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಅಡ್ಡ ಎಳೆಯ ಪಟ್ಟಿ ಬಾಗಿದರೆ ಮುರಿಯುತ್ತದೆ. ಕಟ್ಟಿಗೆಯನ್ನು ಪುಸ್ತಕ ಬಿಡಿಸಿದ ಹಾಗೆ ನಡುವೆ ಸೀಳಿ ಎರಡು ಪಟ್ಟಿ ತೆಗೆದರೆ ಎರಡೂ ಬದಿಯ ಗೆರೆಗಳು ಒಂದಕ್ಕೊಂದು ಹೊಂದುತ್ತವೆ, ನೀರುಂಡಾಗ ಬಾಗುವುದೂ ಒಂದೇ ಬಗೆ. ಅವೆರಡನ್ನು ಎರಡು ಬದಿ ಅಂಟುವ ಟೇಪಿನಿಂದ ಕೂಡಿಸಿ, ಮೇಲೆ ಕಾಗದದ ಆಕಾರ ಹಚ್ಚಿ, ತೂತುಗಳನ್ನು ಒಮ್ಮೆಗೇ ಕೊರೆಯಬೇಕು. ಬೇರೆಬೇರೆಯಾಗಿ ಕೊರೆದ ತೂತುಗಳು ಎಂದೂ ಎದುರುಬದುರಾಗುವುದಿಲ್ಲ, ಕತ್ತಿ ಒಂದು ಬದಿಗೆ ವಾಲುತ್ತದೆ. ಆಮೇಲೆ ಸಣ್ಣ ಗರಗಸ, ಅರ, ಒರಟಿನಿಂದ ನಯದ ತನಕ ಪಾಲಿಶ್ ಪೇಪರು. ಹೊರ ಅಂಚುಗಳನ್ನು ಉರುಟು ಮಾಡುವಾಗ ಒಳಮೈಯನ್ನು ಮರೆಯಬಾರದು. ಒಳಗೆ ಕಣ್ಣು ಹೋಗುವುದಿಲ್ಲ, ನೀರು ಹೋಗುತ್ತದೆ. ಒಳಮೈಗೆ ಎಣ್ಣೆ ಕುಡಿಸದೆ ಜೋಡಿಸಿದ ಹಿಡಿಕೆ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ಮೊಳೆ ಎಂದರೆ ಅಂಗಡಿಯ ಮೊಳೆಯಲ್ಲ. 1.6 ಮಿಲಿಮೀಟರ್ ದಪ್ಪದ ಹಿತ್ತಾಳೆ ತಂತಿ, ತುದಿಗೆ ಸಣ್ಣ ವಾಷರು. ಹುಬ್ಬಳ್ಳಿಯ ಕಂಚಗಾರ ಗಲ್ಲಿಯ ಸುತ್ತಮುತ್ತ ವಿಚಾರಿಸಿದರೆ ಇಂಥ ತಂತಿಯ ಬಗ್ಗೆ ಬಲ್ಲವರು ಸಿಗುತ್ತಾರೆ. ತಂತಿಯನ್ನು ತೂತಿನಲ್ಲಿ ತೂರಿಸಿ, ವಾಷರ್ ಹಾಕಿ, ಹೊರಗೆ ಉಳಿದ ಕೂದಲೆಳೆಯಷ್ಟು ಲೋಹವನ್ನು ತಟ್ಟಿತಟ್ಟಿ ಗುಬ್ಬಿ ಮಾಡಬೇಕು. ಇದನ್ನು ಅವನಿಗೆ ಕಲಿಸಿದವರು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಒಬ್ಬ ನಿವೃತ್ತ ಫಿಟ್ಟರು, ಓಣಿಯ ಹಿರಿಯರು. ಸದರ್ನ್ ಮರಾಠಾ ರೈಲ್ವೆ 1885ರಲ್ಲಿ ಕಟ್ಟಿದ ಆ ವರ್ಕ್‌ಶಾಪು ಈ ಊರಿನ ಎಷ್ಟೋ ಮನೆಗಳಿಗೆ ಅನ್ನ ಹಾಕಿದೆ, ಅನ್ನದ ಜೊತೆಗೆ ಕೈಗಳಿಗೆ ಅಳತೆಯ ಅರಿವನ್ನೂ ಕೊಟ್ಟಿದೆ. ದೊಡ್ಡ ಡಬ್ಬಿಗಳಿಗೆ ರಿವೆಟ್ ಬಡಿದ ಆ ಕೈ ಈ ಪುಟ್ಟ ತಂತಿಯ ಮುಂದೆ ಬೇರೆಯೇ ಆಗುತ್ತಿತ್ತು.

“ಬಡೀಬ್ಯಾಡ ತಮ್ಮಾ, ತಟ್ಟು,” ಎನ್ನುತ್ತಿದ್ದರು ಅವರು. “ಸುತ್ತಿಗಿ ತನ್ನ ಭಾರಕ್ಕ ತಾನ ಬೀಳ್ಲಿ. ನೀ ಬರೇ ಎತ್ತು.”

ಅದರಲ್ಲಿ ಲೋಹದ ಶಾಸ್ತ್ರವೇ ಇದೆ. ಜೋರಾಗಿ ಹೊಡೆದರೆ ತಂತಿ ತುದಿಯಲ್ಲಿ ಅರಳುವುದರ ಬದಲು ತೂತಿನೊಳಗೇ ಉಬ್ಬುತ್ತದೆ, ಉಬ್ಬಿ ಕಟ್ಟಿಗೆಯನ್ನು ಸೀಳುತ್ತದೆ. ಮೆಲ್ಲಗೆ, ಒಂದೊಂದೇ ದಿಕ್ಕಿನಿಂದ ತಟ್ಟುತ್ತ ಬಂದರೆ ತುದಿ ಮಾತ್ರ ಹರಡಿ ವಾಷರಿನ ಮೇಲೆ ಕೂರುತ್ತದೆ. ಎರಡು ತಟ್ಟು, ಕತ್ತಿ ತೆರೆದು ಮುಚ್ಚಿ ನೋಡುವುದು. ಸಡಿಲವಿದ್ದರೆ ಮತ್ತೆ ಎರಡು ತಟ್ಟು. ಬಿಗಿಯಾಗಿ ಹೋದರೆ ಹಿಂದಕ್ಕೆ ದಾರಿಯಿಲ್ಲ, ಮೊಳೆ ಕತ್ತರಿಸಿ ಹೊಸದು ಹಾಕಬೇಕು. ಆದ್ದರಿಂದ ಆ ಹಿರಿಯರು ಕೆಲಸ ಮುಗಿಯಿತು ಅನ್ನಿಸುವ ಸ್ವಲ್ಪ ಮೊದಲೇ ಸುತ್ತಿಗೆ ಕೆಳಗಿಡಿಸುತ್ತಿದ್ದರು.

ಮೈಗೆ ಏನು ಹಚ್ಚಬೇಕು ಎಂಬ ವಿಷಯದಲ್ಲಿ ಬಡಿಗರ ಮಾತು ಒಂದೇ: ಅರಗಿನ ಪಾಲಿಶ್. ಚನ್ನಪಟ್ಟಣದ ಗೊಂಬೆಯ ಬಣ್ಣ ಅರಗಿನದು, ಮೀರಜಿನ ತಂಬೂರಿಯ ಹೊಳಪೂ ಅರಗಿನದೇ. ಧಾರವಾಡದ ಸಂಗೀತದ ಮನೆಗಳಲ್ಲಿ ಆ ತಂಬೂರಿಗಳ ಹೊಳಪು ನೋಡಿದವನಿಗೆ ಅದನ್ನು ಬಿಟ್ಟು ಬೇರೆ ಬೇಕೆನಿಸುವುದಿಲ್ಲ. ಆದರೆ ಕ್ಷೌರದ ಕತ್ತಿಗೆ ಅರಗು ಸಲ್ಲದು. ಅರಗು ಮದ್ಯಸಾರದಲ್ಲಿ ಕರಗುತ್ತದೆ, ಕ್ಷಾರದಲ್ಲೂ ಕರಗುತ್ತದೆ. ಗಡ್ಡದ ಸಾಬೂನು ಕ್ಷಾರ, ಆಮೇಲೆ ಹಚ್ಚಿಕೊಳ್ಳುವ ಲೋಷನ್ನಿನಲ್ಲಿ ಮದ್ಯಸಾರ. ಹೊಳಪು ಕೆಲವೇ ವಾರಗಳಲ್ಲಿ ಅಂಟಂಟಾಗುತ್ತದೆ. ಇಲ್ಲಿ ಉಪಯೋಗಕ್ಕೆ ಬರುವುದು ನಮ್ಮ ಹೊಲದ್ದೇ ಅಗಸೆ. ಚಟ್ನಿಪುಡಿಗೆ ಹುರಿಯುವ ಅದೇ ಅಗಸೆಯ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ತಾನೇ ಗಟ್ಟಿಯಾಗುವ ಗುಣವುಳ್ಳದ್ದು. ತೆಳುವಾಗಿ ಹಚ್ಚಿ, ಉಳಿದದ್ದನ್ನು ಒರೆಸಿ, ಒಣಗಲು ಬಿಟ್ಟು, ಮತ್ತೆ ಹಚ್ಚಬೇಕು. ಬಣ್ಣದಂಗಡಿಯಲ್ಲಿ ಸಿಗುವ ಕುದಿಸಿದ ಎಣ್ಣೆಗೆ ಬೇಗ ಒಣಗಿಸುವ ಲವಣಗಳನ್ನು ಬೆರೆಸಿರುತ್ತಾರೆ, ಹಸಿ ಎಣ್ಣೆಗಿಂತ ಅದರಿಂದ ಕೆಲಸ ಬೇಗ. ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಈ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹಗ್ಗದ ಮೇಲೆ ಹರವಬೇಕು, ಇಲ್ಲವೇ ನೀರಲ್ಲಿ ನೆನೆಹಾಕಬೇಕು.

ನವನಗರದ ಮಾರ್ಕೆಟ್ಟಿನ ಹತ್ತಿರ ಅವನು ಕ್ಷೌರಕ್ಕೆ ಹೋಗುವ ಅಂಗಡಿಯಿದೆ. ಅರ್ಧ ಬ್ಲೇಡಿನ ಕತ್ತಿಯಲ್ಲೇ ಕೆಲಸ ಮಾಡುವ ಅಂಗಡಿಯವರು ಒಂದು ದಿನ ಒಳಗಿನ ಖಾನೆಯಿಂದ ಒಂದು ಪೊಟ್ಟಣ ತೆಗೆದರು. “ಸರ್, ಇದು ನಮ್ಮಪ್ಪಂದು ಐತ್ರಿ. ಕತ್ತಿ ಛಲೋ ಐತಿ, ಹಿಡಕಿ ಅಷ್ಟ ಸೀಳೈತ್ರಿ. ನೀವು ಮಾಡ್ತೀರಿ ಅಂತ ಕೇಳೀನ್ರಿ.”

ಕೋಡಿನ ಹಿಡಿಕೆ, ತೂತಿನಿಂದ ಸೀಳು ಬಿಟ್ಟಿತ್ತು. ಅಲಗು ಮಸೆದೂ ಮಸೆದೂ ಮೂಲ ಅಗಲದ ಅರ್ಧಕ್ಕೆ ಇಳಿದಿತ್ತು. ಒಬ್ಬ ಮನುಷ್ಯನ ದುಡಿಮೆಯೆಲ್ಲ ಆ ಸವೆತದಲ್ಲಿತ್ತು. ಹೊಸ ಹಿಡಿಕೆಗೆ ಬೀಟೆ ಇರಲೇ, ಜಾಲಿ ಇರಲೇ ಎಂದು ಲೇಖಕ ಕೇಳಿದ. ಅವರು ಮರದ ಬಗ್ಗೆ ಏನೂ ಹೇಳಲಿಲ್ಲ. ಹಳೇ ಹಿಡಿಕೆಯನ್ನು ಬೆರಳ ಮೇಲೆ ಅಡ್ಡ ಇಟ್ಟು ತೂಗಿದರು. “ಯಾವ್ದರ ಇರ್ಲಿರಿ, ಹಗರ ಇರ್ಬೇಕ್ರಿ. ಹಿಂದಿಂದ ಜಗ್ಗಿದ್ರ ಕೈ ಮಾತು ಕೇಳೂದಿಲ್ಲ. ಅಪ್ಪ ಎಡಗೈಲೆ ಬಲಗೈಲೆ ಎರಡರಿಂದ್ಲೂ ಹಿಡೀತಿದ್ರು, ಅದಕ್ಕ ಎರಡೂ ಬಾಜು ಒಂದ ನಮೂನಿ ಇರ್ಲಿ.”

ಹಿಡಿಕೆಯ ಬಗ್ಗೆ ಪುಸ್ತಕಗಳಲ್ಲಿ ಓದಿದ್ದೆಲ್ಲಕ್ಕಿಂತ ಈ ಎರಡು ಮಾತು ಹೆಚ್ಚು ಕೆಲಸಕ್ಕೆ ಬಂತು. ಅಲಗು ಸವೆದು ಹಗುರಾದಂತೆ ಹಿಡಿಕೆಯೂ ಹಗುರಾಗಬೇಕು. ಹೊಸ ಕತ್ತಿಗೆ ಒಪ್ಪುವ ಪಟ್ಟಿ ಈ ಕತ್ತಿಗೆ ಒಪ್ಪದು. ಜಾಲಿಯ ಪಟ್ಟಿಗಳನ್ನು ಎಂದಿಗಿಂತ ತೆಳುವಾಗಿ ಇಳಿಸಿ, ಬೆಣೆಗೂ ಕಟ್ಟಿಗೆಯನ್ನೇ ಬಳಸಿ, ಎರಡೂ ಬದಿಗೆ ಒಂದೇ ಉರುಟು ಕೊಟ್ಟು ಜೋಡಿಸಿದ್ದಾಯಿತು. ಅಂಗಡಿಯವರು ಅದನ್ನು ಬಿಚ್ಚಿ, ಮುಚ್ಚಿ, ಎಡಗೈಗೆ ಬದಲಿಸಿ, ಗಾಳಿಯಲ್ಲಿ ಒಂದು ಗೆರೆ ಎಳೆದು “ಬರೋಬ್ಬರಿ ಆತ್ರಿ” ಎಂದರು. ಅದರಿಂದ ಅವರು ಗಿರಾಕಿಗಳಿಗೆ ಕ್ಷೌರ ಮಾಡುವುದಿಲ್ಲ, ಮಾಡಬಾರದು ಕೂಡ. ಭಾನುವಾರ ತಮ್ಮ ಗಡ್ಡ ತಾವೇ ಅದರಿಂದ ತೆಗೆದುಕೊಳ್ಳುತ್ತಾರೆ, ಮಗನಿಗೆ ಕಲ್ಲಿನ ಮೇಲೆ ಬೆನ್ನೆತ್ತದೆ ಮಸೆಯುವುದನ್ನು ಕಲಿಸುತ್ತಿದ್ದಾರೆ.

ಲೋಕದ ಬೇರೆ ಕಡೆ ಈ ಕೆಲಸ ಸತ್ತಿಲ್ಲ. 1904ರಲ್ಲಿ ಕಿಂಗ್ ಜಿಲೆಟ್ ತನ್ನ ಬಿಸಾಡುವ ಬ್ಲೇಡಿಗೆ ಪೇಟೆಂಟ್ ಪಡೆದು ಹಳೆಯ ಕತ್ತಿಯ ಕಾಲ ಮುಗಿಯಿತೆನ್ನಿಸಿದರೂ, ಜೋಲಿಂಗನ್ನಿನಲ್ಲಿ 1906ರಲ್ಲಿ ಶುರುವಾದ ಡೋವೋ, ಫ್ರಾನ್ಸಿನ ತಿಯೇರ್ ಪಟ್ಟಣದ ತಿಯೇರ್ ಇಸ್ಸಾರ್ ಇವರ ಕತ್ತಿಗಳು ಈ ಶತಮಾನದಲ್ಲೂ ಮಾರಾಟವಾಗಿವೆ. ಜೋಲಿಂಗನ್ ಎಂಬ ಹೆಸರನ್ನು ಬೇರೆ ಊರಿನವರು ಕತ್ತಿಯ ಮೇಲೆ ಕೆತ್ತದಂತೆ ಜರ್ಮನಿ 1938ರಲ್ಲೇ ಕಾನೂನು ಮಾಡಿದೆ. ನಮ್ಮ ಕಡೆ ಕಿನ್ನಾಳ, ಗೋಕಾಕ, ಚನ್ನಪಟ್ಟಣಗಳ ಹೆಸರು ಗೊಂಬೆಗಳಿಂದ ಉಳಿದಿದೆ. ಆದರೆ ಬಡಿಗರು ಮಾಡಿದ ಕೈಹಿಡಿಕೆಗಳಿಗೆ ಯಾವ ಊರಿನ ಹೆಸರೂ ಅಂಟಿಲ್ಲ. ಕುಡುಗೋಲು, ಈಳಿಗೆ, ಉಳಿ, ಕ್ಷೌರದ ಕತ್ತಿ, ಇವುಗಳ ಹಿಡಿಕೆ ಮಾಡಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಅದು ನ್ಯಾಯವಲ್ಲ.

ಓದುಗರ ಮನೆಯ ಟ್ರಂಕಿನಲ್ಲೋ ಅಟ್ಟದಲ್ಲೋ ಅಜ್ಜನ ಕತ್ತಿ ಇರಬಹುದು. ದಯವಿಟ್ಟು ಒಮ್ಮೆ ಹುಡುಕಿ ನೋಡಿ. ಹಿಡಿಕೆ ಜೇನುಬಣ್ಣದ್ದೋ ದಂತದ ಬಣ್ಣದ್ದೋ ಆಗಿದ್ದು ಕರ್ಪೂರದ ವಾಸನೆ ಬಂದರೆ, ಕತ್ತಿಯನ್ನು ತೆರೆದೇ ಇಡಿ, ಮಕ್ಕಳ ಕೈಗೆ ಸಿಗದ ಕಡೆ, ಬೆಂಕಿಯಿಂದ ದೂರ. ಸೆಲ್ಯುಲಾಯ್ಡ್ ಬಹಳ ಬೇಗ ಹೊತ್ತಿಕೊಳ್ಳುತ್ತದೆ. ಅಲಗಿಗೆ ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಹಚ್ಚಿ. ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ಊರಿನ ಬಡಿಗರ ಹತ್ತಿರ ಗೇಣುದ್ದದ ಜಾಲಿಯ ತುಂಡು ಕೇಳಿ, ಅದಕ್ಕೆ ಅವರು ದುಡ್ಡು ಕೂಡ ಕೇಳಲಿಕ್ಕಿಲ್ಲ.